ಬಲ ಮಗ್ಗುಲು

ನಾನು ಮಲಗುವುದು ಬಲ ಮಗ್ಗುಲಿಗೆ.
ಒಳ್ಳೆಯ ಕಿವಿ ದಿಂಬಿನೊಳಗೆ,
ಕೆಟ್ಟದ್ದು ಮೇಲೆ, ತೆರೆದಿರುವುದು ಹೆಸರಿಗೆ ಮಾತ್ರ.
ಹಾಗಾಗಿ ಆ ರಾತ್ರಿ ರಿದ್ಧಿ ಎಷ್ಟು ಹೊತ್ತು ಅತ್ತಳೋ
ನನಗೆ ಗೊತ್ತಿಲ್ಲ.
ಸುಲಕ್ಷಾ ಭುಜ ಹಿಡಿದು ಅಲ್ಲಾಡಿಸಿದಾಗ
ಎಂಜಿನ್ ಬಂದ್ ಬಿತ್ತೇನೋ ಅಂದುಕೊಂಡು ಎದ್ದೆ.

ಎಂಜಿನ್ ಎಲ್ಲಿಂದ ಬರಬೇಕು?
ಅದು ಮೀನುಗಾರಿಕೆ ನಿಂತ ತಿಂಗಳು,
ಬೈತಖೋಲದ ದಕ್ಕೆಯಲ್ಲಿ ಬೋಟುಗಳೆಲ್ಲ
ಒಂದಕ್ಕೊಂದು ಮೈ ಉಜ್ಜುತ್ತ ನಿಂತಿದ್ದವು.

ಎರಡೂವರೆ ವರ್ಷ.
ನೋವು ಅನ್ನುವ ಮಾತು ಇನ್ನೂ ಬಂದಿರಲಿಲ್ಲ ಅವಳಿಗೆ.
"ಒಳಗೆ ಏಡಿ" ಅಂದಳು,
ಕಿವಿಯನ್ನು ಕಿತ್ತು ಬಿಸಾಡುವ ಹಾಗೆ ಎಳೆದುಕೊಂಡು.
ಮೂರು ದಿನದ ನೆಗಡಿ, ನೂರಾ ಎರಡರ ಜ್ವರ,
ಮಲಗಿಸಿದರೆ ಚೀರಾಟ,
ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡರೆ ತುಸು ಕಡಿಮೆ.

ಆಯಿ ಆಗಲೇ ಒಲೆಯ ಮೇಲೆ ಸೌಟಿಟ್ಟಿದ್ದಳು.
ಕೊಬ್ಬರಿ ಎಣ್ಣೆ, ಎರಡು ಎಸಳು ಬೆಳ್ಳುಳ್ಳಿ.
ಆ ವಾಸನೆ ಬಂದದ್ದೇ
ನನ್ನ ಎಡಗಿವಿಗೆ ತನ್ನ ಚರಿತ್ರೆ ನೆನಪಾಯಿತು:
ತಿಂಗಳುಗಟ್ಟಲೆ ಸೋರಿದ್ದು, ಹತ್ತಿಯ ಉಂಡೆ,
ನಾತಕ್ಕೆ ಬೆಂಚಿನಲ್ಲಿ ಯಾರೂ ಪಕ್ಕ ಕೂರದ್ದು,
ಕರೆದರೆ ಓಗೊಡದ ಸೊಕ್ಕಿಗೆ
ಮಾಸ್ತರರು ಅಂಗೈಗೆ ಕೊಟ್ಟದ್ದು.
ಆಯಿಯ ತಪ್ಪಲ್ಲ.
ಅವಳ ಹತ್ತಿರ ಇದ್ದದ್ದೇ ಒಂದು ಸೌಟು, ಎಣ್ಣೆ, ನಾನು.

ಸೌಟು ಇಳಿಸಿದೆ. ಅವಳು ಏನೋ ಅಂದಳು.
ಎಡಕ್ಕೆ ನಿಂತಿದ್ದಳು, ಕೇಳಲಿಲ್ಲ.

ಡಾಕ್ಟರ್ ವಿಲ್ಮಾ ಮೊದಲು ಗೊಂಬೆಯ ಕಿವಿಗೆ ದೀಪ ಹಿಡಿದರು.
ಆಮೇಲೆ ಅಪ್ಪನದು ನೋಡೋಣ ಅಂದರು.
ನಾನು ಬಲದ್ದನ್ನೇ ಕೊಟ್ಟೆ.
ಮೂರನೆಯದಾಗಿ ರಿದ್ಧಿ ತಾನೇ ತಲೆ ವಾಲಿಸಿದಳು.
ಪರದೆ ಕೆಂಪಾಗಿ ಉಬ್ಬಿದೆ, ಹಿಂದೆ ಕೀವು.
ಮೂಗಿನ ಹಿಂದಿನಿಂದ ಕಿವಿಗೊಂದು ಸಣ್ಣ ಕೊಳವೆ,
ಮಕ್ಕಳದ್ದು ಗಿಡ್ಡ, ಮಟ್ಟಸ,
ನೆಗಡಿಗೆ ಬಾತು ಮುಚ್ಚಿಕೊಂಡಿದೆ.

ನನಗೆ ಬೇರೆ ಬಿಡಿಸಿ ಹೇಳಬೇಕಿರಲಿಲ್ಲ.
ಪಂಪಿನ ಬಾಯಿಗೆ ಬಲೆಯ ಚೂರು ಸಿಕ್ಕಿದರೆ
ಬೋಟಿನ ತಳದಲ್ಲಿ ನೀರು ನಿಲ್ಲುತ್ತದೆ,
ಡೀಸೆಲ್ಲು, ಮೀನಿನ ರಕ್ತ ಎಲ್ಲ ಕೂಡಿ ನಾರುತ್ತದೆ,
ಹಲಗೆಯನ್ನು ಒತ್ತುತ್ತದೆ.
ಮೇಲಿನಿಂದ ಎಣ್ಣೆ ಹೊಯ್ದು
ತಳದ ನೀರು ತೆಗೆದ ಡ್ರೈವರನನ್ನು ನಾನಂತೂ ಕಂಡಿಲ್ಲ.

ನೋವಿಗೆ, ಜ್ವರಕ್ಕೆ ಒಂದು ಸಿರಪ್ಪು, ಕೂಡಲೇ.
ಇನ್ನೊಂದು ಪುಡಿಯ ಬಾಟ್ಲಿ,
ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕುಲುಕಬೇಕು,
ದಿನಕ್ಕೆರಡು ಸಲ, ಏಳು ದಿನ.
ಕಿವಿಯೊಳಗೆ ಏನೂ ಬೇಡ,
ಮಲಗಿಸಿ ಬಾಟ್ಲಿಯ ಹಾಲು ಬೇಡ,
ಮನೆಯಲ್ಲಿ ಬೀಡಿ ಬೇಡ.
ಕೊನೆಯದನ್ನು ನನ್ನ ಜೇಬು ನೋಡಿಯೇ ಹೇಳಿದರು.

ಮೂರನೆಯ ದಿನ ಅವಳು ಬೆಕ್ಕಿನ ಹಿಂದೆ ಓಡುತ್ತಿದ್ದಳು.
ಸಾಕಲ್ಲ, ಉಳಿದದ್ದು ಮುಂದಿನ ಸಲಕ್ಕಾಯಿತು, ಅಂದಳು ಆಯಿ,
ಈ ಸಲ ಬಲಕ್ಕೆ ಬಂದು.
ನಾನು ಎಂಜಿನ್ನಿನ ಲಾಗ್ ಪುಸ್ತಕ ತೆಗೆದೆ.
ಡೀಸೆಲ್ಲಿನ ಲೀಟರು ಬರೆಯುವ ಕಂಬದಲ್ಲಿ
ಬೆಳಿಗ್ಗೆ ಐದು ಎಂಎಲ್, ರಾತ್ರಿ ಐದು ಎಂಎಲ್,
ಹದಿನಾಲ್ಕು ಸಾಲು ತುಂಬುವವರೆಗೆ
ಬಾಟ್ಲಿಯನ್ನು ಯಾರ ಕೈಗೂ ಕೊಡಲಿಲ್ಲ.

ಆದರೂ ಟಿವಿಯ ಸದ್ದು ಹೆಚ್ಚಿಸುತ್ತಿದ್ದಳು.
ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ.
ನನ್ನ ಹೊಟ್ಟೆಯಲ್ಲಿ ಮಾಸ್ತರರ ಕೋಲು ಆಡಿತು.
ಕೀವು ಹೋದರೂ ಒಳಗಿನ ನೀರು ಇಳಿಯಲು ವಾರಗಳೇ ಬೇಕು,
ಕಾಯೋಣ ಅಂದರು ಡಾಕ್ಟರು,
ಮೂರು ತಿಂಗಳಿಗೂ ಇಳಿಯದಿದ್ದರೆ ಒಂದು ಪುಟ್ಟ ನಳಿಗೆ ಇಡಬಹುದು.

ಬೋಟು ಇಳಿಯಿತು. ಹೋದೆ. ಬಂಗಡೆ ಬಂತು, ಬರಲಿಲ್ಲ, ಬಂತು.
ಪ್ರತಿ ಸಲ ದಡಕ್ಕೆ ಬಂದಾಗ
ಅವಳ ಬೆನ್ನ ಹಿಂದೆ ನಿಂತು ಕಡ್ಡಿಪೆಟ್ಟಿಗೆ ಅಲ್ಲಾಡಿಸುತ್ತಿದ್ದೆ,
ಬೀಡಿ ಬಿಟ್ಟವನಿಗೆ ಅದಕ್ಕೆ ಬೇರೆ ಕೆಲಸವಿರಲಿಲ್ಲ.
ಒಂದು ಸಂಜೆ, ಬಾಗಿಲಲ್ಲೇ,
ಎರಡೇ ಕಡ್ಡಿಯ ಸದ್ದಿಗೆ
ಗಕ್ಕನೆ ತಿರುಗಿದಳು.

ಆ ರಾತ್ರಿ ಪಕ್ಕದಲ್ಲಿ ಮಲಗಿ
ನನ್ನ ಎಡಗಿವಿಯಲ್ಲಿ ಏನೋ ಪಿಸುಗುಟ್ಟಿದಳು.
ಬಿಸಿ ಉಸಿರು ಮಾತ್ರ ಬಂತು. "ಹ್ಞೂಂ" ಅಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
ನನ್ನ ಹೊಟ್ಟೆಯ ಮೇಲೆ ಹತ್ತಿ, ಆ ಕಡೆ ಇಳಿದು,
ದಿಂಬನ್ನು ಎರಡೂ ಕೈಯಲ್ಲಿ ಸರಿಸಿ
ಬಲಕ್ಕೆ ಬಾಯಿಟ್ಟು ಮತ್ತೆ ಕೇಳಿದಳು:
"ನಿನ್ನ ಏಡಿ ಇನ್ನೂ ಒಳಗಿದೆಯಾ?"